ವೀರಗಲ್ಲಿನಿಂದ ಪರಮವೀರ ಚಕ್ರದವರೆಗೆ

ಪ್ರತಿವರ್ಷ ಜನವರಿ ೨೬ರಂದು ದೆಹಲಿಯಲ್ಲಿ ನಡೆಯುವ ಗಣರಾಜ್ಯೋತ್ಸವವನ್ನು ದೂರದರ್ಶನದಲ್ಲಿ ವೀಕ್ಷಿಸುವ ಕುಟುಂಬಗಳು ನಮ್ಮ ನಾಡಿನಲ್ಲಿ ಅಸಂಖ್ಯ. ಪಥಸಂಚಲನದ ವೈಭವ, ಸ್ತಬ್ಧಚಿತ್ರಗಳ ವರ್ಣವಿಲಾಸ, ಗಗನದಲ್ಲಿ ಹಾರುವ ವಿಮಾನಗಳು, ಇವೆಲ್ಲ ಮಕ್ಕಳ ಮನಸ್ಸನ್ನು ಸೂರೆಗೊಳ್ಳುತ್ತವೆ. ಆದರೆ ಕೆಲವು ವರ್ಷಗಳಲ್ಲಿ ಆ ಸಮಾರಂಭದ ಆದಿಯಲ್ಲಿಯೇ ಒಂದು ಗಳಿಗೆ ಬರುವುದುಂಟು. ಯೋಧನೊಬ್ಬನ ಪತ್ನಿಯೋ ತಾಯಿಯೋ ಮೆಲ್ಲಗೆ ನಡೆದು ಬಂದು ರಾಷ್ಟ್ರಪತಿಗಳ ಎದುರು ನಿಲ್ಲುತ್ತಾಳೆ. ಆತನ ಸಾಹಸದ ವಿವರವನ್ನು ಗಂಭೀರ ಧ್ವನಿಯಲ್ಲಿ ಓದಲಾಗುತ್ತದೆ. ಚಿಕ್ಕದೊಂದು ಪದಕ ಆಕೆಯ ಕೈಸೇರುತ್ತದೆ. ಆಗ ಮನೆಯೊಳಗೆ ಹರಟೆ ನಿಲ್ಲುತ್ತದೆ.

ಆ ಪದಕ ಯಾವುದು, ಅದನ್ನು ಯಾರಿಗೆ ಯಾತಕ್ಕಾಗಿ ಕೊಡುತ್ತಾರೆ, ಪರಮವೀರ ಚಕ್ರಕ್ಕೂ ಅಶೋಕ ಚಕ್ರಕ್ಕೂ ಇರುವ ಭೇದವೇನು ಎಂದು ಕೇಳಿದರೆ ಓದು ಬಲ್ಲವರೂ ತಡವರಿಸುವುದನ್ನು ಕಂಡಿದ್ದೇನೆ. ಕ್ರಿಕೆಟ್ ಆಟಗಾರರ ಓಟಗಳ ಲೆಕ್ಕವನ್ನು ಕಂಠಪಾಠವಾಗಿ ಹೇಳುವ ನಮ್ಮ ತರುಣರಿಗೆ ಕಾರವಾರದ ಸಮೀಪದ ಹಳ್ಳಿಯೊಂದರಲ್ಲಿ ಪರಮವೀರನೊಬ್ಬ ಜನಿಸಿದ್ದನೆಂಬುದು ತಿಳಿಯದು. ಈ ಕೊರತೆಯನ್ನು ಕಿಂಚಿತ್ತಾದರೂ ನೀಗಿಸುವುದು ಈ ಲೇಖನದ ಉದ್ದೇಶ.

ಶೌರ್ಯವನ್ನು ಸನ್ಮಾನಿಸುವ ಪದ್ಧತಿಯನ್ನು ನಾವು ಆಂಗ್ಲರಿಂದ ಕಲಿತೆವೆಂದು ಭಾವಿಸುವವರಿದ್ದಾರೆ. ಅದು ಸರಿಯಲ್ಲ. ಕನ್ನಡದ ಅತ್ಯಂತ ಪ್ರಾಚೀನ ಶಾಸನವೆಂದು ಬಹುಕಾಲದಿಂದ ಪ್ರಸಿದ್ಧವಾದ ಹಲ್ಮಿಡಿ ಶಾಸನವನ್ನೇ ತೆಗೆದುಕೊಳ್ಳಿರಿ. ಹಾಸನ ಜಿಲ್ಲೆಯ ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ೧೯೩೬ರಲ್ಲಿ ಬೆಳಕಿಗೆ ತಂದ ಈ ಶಾಸನದ ಕಾಲ ಸುಮಾರು ಕ್ರಿ.ಶ. ೪೫೦ ಎಂದು ಹೇಳುವುದು ರೂಢಿ. ಶಾಲೆಯಲ್ಲಿ ಇದರ ಹೆಸರನ್ನು ಕಲಿಯದವರಿಲ್ಲ. ಅದರಲ್ಲಿ ಏನು ಬರೆದಿದೆ ಎಂದು ಕೇಳಿದರೆ ಉತ್ತರ ಬರುವುದು ಅಪರೂಪ. ಕದಂಬರ ಕಾಲದಲ್ಲಿ ಕೇಕಯ-ಪಲ್ಲವರ ವಿರುದ್ಧ ನಡೆದ ಯುದ್ಧದಲ್ಲಿ ಪರಾಕ್ರಮ ಮೆರೆದ ವಿಜ ಅರಸನಿಗೆ ಗ್ರಾಮಗಳನ್ನು ‘ಬಾಳ್ಗಳ್ಚು’ವಾಗಿ ಕೊಟ್ಟ ದಾಖಲೆಯೇ ಅದು. ಬಾಳ್ ಎಂದರೆ ಖಡ್ಗ, ಕಳ್ಚು ಎಂದರೆ ತೊಳೆ. ರಣರಂಗದಿಂದ ಹಿಂದಿರುಗಿದ ವೀರನ ರಕ್ತಸಿಕ್ತ ಖಡ್ಗವನ್ನು ಅರಸನ ಸಮ್ಮುಖದಲ್ಲಿ ತೊಳೆದು, ಆ ಸಂದರ್ಭದಲ್ಲಿ ಭೂಮಿಯನ್ನು ದತ್ತಿಯಾಗಿ ಕೊಡುವುದು ಬಾಳ್ಗಳ್ಚು. ಕನ್ನಡ ಭಾಷೆಯ ಮೊದಮೊದಲ ಲಿಖಿತ ದಾಖಲೆಗಳಲ್ಲಿ ಒಂದು ಶೌರ್ಯಪ್ರಶಸ್ತಿಯ ಸನ್ನದು ಎಂಬ ಸಂಗತಿಯನ್ನು ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ಒತ್ತಿ ಹೇಳಬೇಕಿತ್ತು.

ಮಡಿದವರಿಗೆ ದೊರೆಯುತ್ತಿದ್ದುದು ವೀರಗಲ್ಲು. ನಮ್ಮ ನಾಡಿನ ಹಳ್ಳಿಹಳ್ಳಿಯಲ್ಲಿ, ಕೆರೆಯ ಏರಿಯ ಮೇಲೆ, ಈಶ್ವರನ ಗುಡಿಯ ಮುಂದೆ, ಅಗಸೆಯ ಬಳಿಯಲ್ಲಿ ಈ ಕಲ್ಲುಗಳು ನಿಂತಿವೆ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಹಂತಗಳು. ಕೆಳಗಿನದರಲ್ಲಿ ಯುದ್ಧ; ನಡುವಿನದರಲ್ಲಿ ವೀರನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುವ ದೃಶ್ಯ; ಮೇಲಿನದರಲ್ಲಿ ಶಿವಸಾನ್ನಿಧ್ಯದಲ್ಲಿ ಲಿಂಗದ ಎದುರು ಕೈಮುಗಿದು ಕುಳಿತ ವೀರ. ತುದಿಯಲ್ಲಿ ಸೂರ್ಯಚಂದ್ರರು, ಆ ಕೀರ್ತಿ ಆಚಂದ್ರಾರ್ಕವಾಗಿರಲೆಂದು. ಈ ವೀರರೆಲ್ಲ ಸೇನಾನಾಯಕರೆಂದು ತಿಳಿಯಬೇಡಿ. ತುರುಗೋಳಿನಲ್ಲಿ, ಅಂದರೆ ಊರಿನ ದನಗಳನ್ನು ಶತ್ರುಗಳು ಹೊಡೆದುಕೊಂಡು ಹೋಗುವಾಗ ಅಡ್ಡನಿಂತು ಮಡಿದವರ ಕಲ್ಲುಗಳೇ ಎಷ್ಟೋ. ಹೆಣ್ಣುಮಕ್ಕಳ ಮಾನರಕ್ಷಣೆಗಾಗಿ ಹೋರಾಡಿ ಸತ್ತವರ ಕಲ್ಲುಗಳೂ ಇವೆ. ಶಾಸನಗಳು ಅದನ್ನು ‘ಪೆಣ್ಬುಯ್ಯಲ್’ ಎನ್ನುತ್ತವೆ. ಸತ್ತವನ ಕುಟುಂಬಕ್ಕೆ ಬಿಡುತ್ತಿದ್ದ ಭೂಮಿಗೆ ‘ನೆತ್ತರುಗೊಡಗೆ’ ಎಂದು ಹೆಸರು. ಈ ಶಬ್ದವನ್ನು ಒಮ್ಮೆ ನಿಧಾನವಾಗಿ ಉಚ್ಚರಿಸಿ ನೋಡಿರಿ. ಇಂದಿನ ಸರ್ಕಾರಿ ಆದೇಶಗಳಲ್ಲಿ ಬಳಕೆಯಾಗುವ ‘ಪರಿಹಾರ ಧನ’ ಎಂಬ ಮಾತಿಗಿಂತ ಅದೆಷ್ಟು ನೇರವಾಗಿದೆ!

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವರು ಬೇಗೂರಿನ ವೀರಗಲ್ಲನ್ನು ತಪ್ಪದೆ ನೋಡಬೇಕು. ಗಂಗರ ಕಾಲದ ಈ ಕಲ್ಲಿನ ಮೇಲೆ ಆನೆ ಕುದುರೆ ಕಾಲಾಳುಗಳ ತುಮುಲ ಯುದ್ಧವೇ ಹಾಸಿಕೊಂಡಿದೆ. ನಾಗತ್ತರನೆಂಬ ವೀರ ಆನೆಗಳೊಡನೆ ಸೆಣಸಿ ಬಿದ್ದನು. ಗಂಗರ ಎಱೆಯಪನು ಇರುಗನೆಂಬವನಿಗೆ ‘ನಾಗತ್ತರ’ ಎಂಬ ಪಟ್ಟವನ್ನೇ ಕಟ್ಟಿ, ಬೆಂಪೂರು ಹನ್ನೆರಡನ್ನು ಕೊಟ್ಟನು. ಸತ್ತವನ ಹೆಸರು ಬದುಕಿರುವವನಿಗೆ ಬಿರುದಾಯಿತು.

ಅದೇ ಸಂಗ್ರಹಾಲಯದಲ್ಲಿ ಆತಕೂರಿನ ಶಾಸನವೂ ಇದೆ. ಕ್ರಿ.ಶ. ೯೪೯ರಲ್ಲಿ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗನು ಚೋಳರ ರಾಜಾದಿತ್ಯನನ್ನು ಕೊಂದನು. ಕೃಷ್ಣನು ಬೂತುಗನಿಗೆ ಬನವಾಸಿ ಪನ್ನಿರ್ಚ್ಛಾಸಿರವೇ ಮೊದಲಾದ ನಾಡುಗಳನ್ನು ಕೊಟ್ಟನು. ಬೂತುಗನು ತನ್ನ ಸೇವಕ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಬೇಡು ಎಂದನು. ಮಣಲೆರನು ಬೇಡಿದ್ದು ಅರಸನ ಪ್ರೀತಿಯ ಬೇಟೆನಾಯಿಯನ್ನು! ಕಾಳಿ ಎಂಬ ಆ ನಾಯಿ ಮುಂದೆ ಕಾಡುಹಂದಿಯೊಡನೆ ಹೋರಾಡಿತು; ಎರಡೂ ಸತ್ತವು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಚಲ್ಲೇಶ್ವರ ದೇಗುಲದ ಮುಂದೆ ಆ ನಾಯಿಗಾಗಿ ಕಲ್ಲು ನೆಟ್ಟು ಭೂಮಿ ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ಆತನಿಗೆ ಪಾಪ ತಟ್ಟುವುದೆಂದು ಶಾಸನವೇ ವಿಧಿಸುತ್ತದೆ. ಸನ್ಮಾನ ಮಾಡಿ ಕೈತೊಳೆದುಕೊಳ್ಳದೆ, ನಿತ್ಯವೂ ಊಟಕ್ಕೆ ಮೊದಲು ನೆನೆಯುವ ಹೊಣೆಯನ್ನು ಒಬ್ಬನ ತಲೆಯ ಮೇಲೆ ಇಟ್ಟುದು ಆ ಕಾಲದವರ ವಿವೇಕ. ಇಂದು ಆ ವಿವೇಕ ಉಳಿದಿದೆಯೆಂದು ಹೇಳುವಂತಿಲ್ಲ. ಬಟ್ಟೆ ಒಗೆಯುವ ಬಂಡೆಯಾಗಿ, ಚರಂಡಿಯ ಮೇಲಿನ ಹಾಸುಗಲ್ಲಾಗಿ ಬಿದ್ದಿರುವ ವೀರಗಲ್ಲುಗಳನ್ನು ನಾನು ಒಂದಲ್ಲ ನಾಲ್ಕಾರು ಊರುಗಳಲ್ಲಿ ನೋಡಿದ್ದೇನೆ. ಮುಖ ಮೇಲಾಗಿ ಬಿದ್ದಿದ್ದರೆ ಅದೇ ಪುಣ್ಯ.

ಆಂಗ್ಲರ ಕಾಲದ ಸಂಗತಿಯನ್ನು ಸಂಕ್ಷೇಪವಾಗಿ ಹೇಳುವೆನು. ಈಸ್ಟ್ ಇಂಡಿಯಾ ಕಂಪನಿಯು ೧೮೩೭ರಲ್ಲಿ ತನ್ನ ಭಾರತೀಯ ಸಿಪಾಯಿಗಳಿಗಾಗಿ ‘ಆರ್ಡರ್ ಆಫ್ ಮೆರಿಟ್’ ಎಂಬ ಪ್ರಶಸ್ತಿಯನ್ನು ಸ್ಥಾಪಿಸಿತು. ೧೮೫೬ರಲ್ಲಿ ವಿಕ್ಟೋರಿಯಾ ಕ್ರಾಸ್ ಬಂದಿತಾದರೂ ೧೯೧೧ರವರೆಗೆ ಭಾರತೀಯ ಸೈನಿಕರಿಗೆ ಅದು ನಿಷಿದ್ಧವಾಗಿತ್ತು. ಒಂದೇ ಯುದ್ಧ, ಒಂದೇ ಗುಂಡು, ಆದರೆ ಪದಕ ಬೇರೆ! ಮೊದಲ ಮಹಾಯುದ್ಧದಲ್ಲಿ, ೧೯೧೪ರ ಅಕ್ಟೋಬರ್ ೩೧ರಂದು ಬೆಲ್ಜಿಯಂ ದೇಶದ ಹೊಲೆಬೆಕ್ ಎಂಬಲ್ಲಿ ಕಾದಿದ ಖುದಾದಾದ್ ಖಾನರು ಆ ಪದಕ ಪಡೆದ ಮೊದಲ ಭಾರತೀಯ ಸೈನಿಕರು.

ಸ್ವಾತಂತ್ರ್ಯಾನಂತರ ನಮ್ಮದೇ ಆದ ಪ್ರಶಸ್ತಿಗಳು ಬೇಕಾದವು. ಕಾಶ್ಮೀರದ ಯುದ್ಧವು ೧೯೪೭ರಲ್ಲಿಯೇ ಆರಂಭವಾಗಿತ್ತು; ವೀರರು ಮಡಿಯುತ್ತಿದ್ದರು; ಕೊಡಲು ಸ್ವತಂತ್ರ ಭಾರತದ ಪದಕವೇ ಇರಲಿಲ್ಲ. ಮೇಜರ್ ಜನರಲ್ ಹೀರಾಲಾಲ್ ಅಟಲ್ ಅವರಿಗೆ ಈ ಕಾರ್ಯವನ್ನು ವಹಿಸಲಾಯಿತು. ಅವರು ಪದಕಗಳ ವಿನ್ಯಾಸಕ್ಕಾಗಿ ಆರಿಸಿದ್ದು ಒಬ್ಬ ಮಹಿಳೆಯನ್ನು. ಆ ಮಹಿಳೆ ಹುಟ್ಟಿನಿಂದ ಭಾರತೀಯಳೂ ಅಲ್ಲ.

ಆಕೆ ೧೯೧೩ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ನಗರದಲ್ಲಿ ಜನಿಸಿದರು. ತಂದೆ ಹಂಗೇರಿಯವರು, ತಾಯಿ ರಷ್ಯಾ ಮೂಲದವರು. ಹೆಸರು ಈವ್ ಇವಾನ್. ಭಾರತೀಯ ಸೇನೆಯ ಮರಾಠಿ ಅಧಿಕಾರಿ ವಿಕ್ರಮ ಖಾನೋಲ್ಕರರನ್ನು ೧೯೩೨ರಲ್ಲಿ ವಿವಾಹವಾಗಿ ಸಾವಿತ್ರೀಬಾಯಿ ಖಾನೋಲ್ಕರ ಎನಿಸಿದರು. ಸಂಸ್ಕೃತ ಕಲಿತರು, ವೇದ ಪುರಾಣಗಳನ್ನು ಅಭ್ಯಸಿಸಿದರು, ಮಹಾರಾಷ್ಟ್ರದ ಸಂತರನ್ನು ಕುರಿತು ಗ್ರಂಥ ಬರೆದರು. ೧೯೫೨ರಲ್ಲಿ ಪತಿಯ ಅಗಲಿಕೆಯಾದ ಮೇಲೆ ರಾಮಕೃಷ್ಣ ಮಠದ ಆಶ್ರಯದಲ್ಲಿ ಅಧ್ಯಾತ್ಮದತ್ತ ಮನಸ್ಸು ತಿರುಗಿಸಿದರು, ೧೯೯೦ರಲ್ಲಿ ದಿವಂಗತರಾದರು.

ಪರಮವೀರ ಚಕ್ರಕ್ಕೆ ಆಕೆ ಆರಿಸಿದ ಲಾಂಛನವು ಇಂದ್ರನ ವಜ್ರಾಯುಧ. ಕಂಚಿನ ದುಂಡು ಪದಕದ ನಡುವೆ ರಾಷ್ಟ್ರಲಾಂಛನ, ಅದರ ಸುತ್ತ ನಾಲ್ಕು ವಜ್ರಗಳು. ಹಿಂಬದಿಯಲ್ಲಿ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಹೆಸರು, ನಡುನಡುವೆ ಎರಡು ಕಮಲಗಳು. ನೇರಳೆ ಬಣ್ಣದ ಪಟ್ಟಿಗೆ ಅದನ್ನು ತೂಗುಹಾಕಿರುತ್ತಾರೆ. ವಜ್ರಾಯುಧದ ಕಥೆ ನಮ್ಮ ಹಿರಿಯರಿಗೆಲ್ಲ ಗೊತ್ತು. ವೃತ್ರಾಸುರನನ್ನು ಸಂಹರಿಸಲು ಬೇರಾವ ಆಯುಧವೂ ಸಾಲದಾದಾಗ ದಧೀಚಿ ಮಹರ್ಷಿಯು ತನ್ನ ದೇಹವನ್ನೇ ತ್ಯಜಿಸಿ ಎಲುಬುಗಳನ್ನು ದೇವತೆಗಳಿಗೆ ಕೊಟ್ಟನು. ಅದರಿಂದ ವಜ್ರ ನಿರ್ಮಾಣವಾಯಿತು. ದಧೀಚಿಯು ಯೋಧನಲ್ಲ, ಶಸ್ತ್ರ ಹಿಡಿದವನಲ್ಲ. ಯೋಧರ ಪರಮೋಚ್ಚ ಪದಕದ ಮೇಲೆ ದೇಹದಾನ ಮಾಡಿದ ತಪಸ್ವಿಯ ಸ್ಮರಣೆಯನ್ನು ಕೂರಿಸಿದ ಆ ವಿದೇಶೀ ಮೂಲದ ಸಾಧ್ವಿಯ ಸೂಕ್ಷ್ಮದೃಷ್ಟಿಗೆ ನಾನು ತಲೆಬಾಗುತ್ತೇನೆ. ಇಲ್ಲಿಯವರೆಗೆ ಪರಮವೀರ ಚಕ್ರ ಪಡೆದವರು ೨೧ ಜನ. ಅವರಲ್ಲಿ ೧೪ ಜನರಿಗೆ ಅದು ಮರಣೋತ್ತರವಾಗಿ ದೊರೆತಿದೆ. ಮೊದಲನೆಯವರು ಮೇಜರ್ ಸೋಮನಾಥ ಶರ್ಮಾ. ಒಂದು ಕೈಗೆ ಪ್ಲಾಸ್ಟರ್ ಕಟ್ಟಿಸಿಕೊಂಡಿದ್ದರೂ ೧೯೪೭ರ ನವೆಂಬರ್ ೩ರಂದು ಬಡ್ಗಾಮದಲ್ಲಿ ಕಾದಿ, ಶ್ರೀನಗರದ ವಿಮಾನ ನಿಲ್ದಾಣವನ್ನು ಉಳಿಸಿ ಮಡಿದರು. ಅವರ ಸಹೋದರರೊಬ್ಬರು ಸಾವಿತ್ರೀಬಾಯಿಯವರ ಅಳಿಯ. ತಾನು ರೂಪಿಸಿದ ಪದಕ ಮೊದಲು ತನ್ನ ಬಂಧುವರ್ಗದ ಮನೆಗೇ ಹೋದೀತೆಂದು ಆಕೆ ಎಣಿಸಿರಲಾರರು.

ಪರಮವೀರ, ಮಹಾವೀರ, ವೀರ ಎಂಬ ಮೂರು ಚಕ್ರಗಳನ್ನು ೧೯೫೦ರ ಜನವರಿ ೨೬ರಂದು, ಅಂದರೆ ನಾವು ಗಣರಾಜ್ಯವಾದ ದಿನವೇ ಸ್ಥಾಪಿಸಿ, ೧೯೪೭ರ ಆಗಸ್ಟ್ ೧೫ರಿಂದ ಪೂರ್ವಾನ್ವಯವಾಗುವಂತೆ ಮಾಡಲಾಯಿತು. ಇವು ಶತ್ರುವಿನ ಸಮ್ಮುಖದಲ್ಲಿ ತೋರಿದ ಶೌರ್ಯಕ್ಕೆ. ಯುದ್ಧರಂಗದ ಹೊರಗೆ, ಭಯೋತ್ಪಾದಕರೊಡನೆ ಸೆಣಸುವಾಗ, ಅಪಘಾತದಲ್ಲಿ ಅನ್ಯರನ್ನು ರಕ್ಷಿಸುವಾಗ ತೋರಿದ ಧೈರ್ಯಕ್ಕಾಗಿ ಅಶೋಕ ಚಕ್ರದ ಮೂರು ವರ್ಗಗಳು ೧೯೫೨ರಲ್ಲಿ ಬಂದವು. ೧೯೬೭ರಲ್ಲಿ ಅವುಗಳಿಗೆ ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ ಎಂದು ಹೆಸರಾಯಿತು. ಈ ಎರಡನೆಯ ಸಾಲಿನ ಪ್ರಶಸ್ತಿಗಳು ನಾಗರಿಕರಿಗೂ ಸಲ್ಲುತ್ತವೆ. ೧೯೮೬ರಲ್ಲಿ ಕರಾಚಿಯಲ್ಲಿ ಅಪಹೃತವಾದ ವಿಮಾನದ ಪ್ರಯಾಣಿಕರನ್ನು ಕಾಪಾಡುತ್ತ ಪ್ರಾಣಬಿಟ್ಟ ವಿಮಾನ ಪರಿಚಾರಿಕೆ ನೀರಜಾ ಭನೋಟ್ ಅವರಿಗೆ ಅಶೋಕ ಚಕ್ರ ಸಂದಿತು. ಮೇಲು ಕೀಳಿನ ಕ್ರಮದಲ್ಲಿ ಎರಡು ಸಾಲುಗಳೂ ಹೆಣೆದುಕೊಂಡಿವೆ: ಪರಮವೀರದ ನಂತರ ಅಶೋಕ, ಆಮೇಲೆ ಮಹಾವೀರ, ಕೀರ್ತಿ, ವೀರ, ಶೌರ್ಯ. ಇನ್ನೊಂದು ಸ್ವಾರಸ್ಯ: ಪರಮವೀರ ಚಕ್ರ ಕಂಚಿನದು, ಅದಕ್ಕಿಂತ ಕೆಳಗಿನ ಮಹಾವೀರ ಮತ್ತು ವೀರ ಚಕ್ರಗಳು ಬೆಳ್ಳಿಯವು. ಅಕ್ಕಸಾಲಿಗನ ಲೆಕ್ಕ ಇಲ್ಲಿ ನಡೆಯದು.

ಇನ್ನು ನಮ್ಮ ಕಾರವಾರದ ವೀರನ ವಿಷಯ. ರಾಮಾ ರಾಘೋಬಾ ರಾಣೆ ಅವರು ೧೯೧೮ರ ಜೂನ್ ೨೬ರಂದು ಕಾರವಾರ ಸಮೀಪದ ಚೆಂಡಿಯಾ ಗ್ರಾಮದಲ್ಲಿ ಜನಿಸಿದರು. ತಂದೆ ಪೊಲೀಸ್ ಇಲಾಖೆಯಲ್ಲಿ ಪೇದೆ. ೧೯೪೦ರಲ್ಲಿ ಸೇನೆಯ ಬಾಂಬೆ ಇಂಜಿನಿಯರ್ಸ್ ವಿಭಾಗಕ್ಕೆ ಸಾಮಾನ್ಯ ಸೈನಿಕರಾಗಿ ಸೇರಿ, ಎರಡನೆಯ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಹೋರಾಡಿ, ಸ್ವಾತಂತ್ರ್ಯಾನಂತರ ಅಧಿಕಾರಿಯ ಪದವಿಗೇರಿದರು. ಇಂಜಿನಿಯರ್ ದಳದವರ ಕೆಲಸವೆಂದರೆ ಸೇತುವೆ ಕಟ್ಟುವುದು, ದಾರಿ ಮಾಡುವುದು, ಶತ್ರುಗಳು ನೆಲದಲ್ಲಿ ಹೂತಿಟ್ಟ ಸಿಡಿಗುಂಡುಗಳನ್ನು ಹೊರತೆಗೆಯುವುದು. ಗುಂಡು ಹಾರಿಸುವವನಿಗೆ ಮರೆಯಾದರೂ ಇರುತ್ತದೆ. ರಸ್ತೆಯ ನಡುವೆ ಮಂಡಿಯೂರಿ ಕುಳಿತು ಮಣ್ಣು ಕೆದಕುವವನಿಗೆ ಏನಿದೆ?

೧೯೪೮ರ ಏಪ್ರಿಲ್ ತಿಂಗಳು. ಶತ್ರುವಶದಲ್ಲಿದ್ದ ರಜೌರಿಯನ್ನು ಬಿಡಿಸಲು ನಮ್ಮ ಸೇನೆ ನೌಶೇರಾದಿಂದ ಹೊರಟಿತ್ತು. ದಾರಿಯೆಲ್ಲ ಗುಡ್ಡಗಾಡು. ಶತ್ರುಗಳು ಪೈನ್ ಮರಗಳನ್ನು ಕಡಿದು ಅಡ್ಡಗಟ್ಟಿದ್ದರು, ಮೋರಿಗಳನ್ನು ಒಡೆದಿದ್ದರು, ಸಿಡಿಗುಂಡುಗಳನ್ನು ಹೂತಿದ್ದರು. ಏಪ್ರಿಲ್ ೮ರ ಬೆಳಿಗ್ಗೆ ಹನ್ನೊಂದು ಗಂಟೆಗೆ ರಾಣೆಯವರ ತಂಡ ಕೆಲಸಕ್ಕೆ ಸಿದ್ಧವಾಗುತ್ತಿರುವಾಗಲೇ ಶತ್ರುಗಳ ಮಾರ್ಟರ್ ದಾಳಿಯಾಯಿತು. ಇಬ್ಬರು ಮಡಿದರು, ರಾಣೆಯವರೂ ಸೇರಿ ಐವರು ಗಾಯಗೊಂಡರು. ರಾಣೆ ಹಿಂದಿರುಗಲಿಲ್ಲ. ಉಳಿದವರನ್ನು ಕೂಡಿಸಿಕೊಂಡು ಕೆಲಸಕ್ಕೆ ತೊಡಗಿದರು. ಬರ್ವಾಲಿ ದಿಬ್ಬ ವಶವಾದ ಮೇಲೂ, ಶತ್ರುಗಳು ಇನ್ನೂ ಅಲ್ಲಿಯೇ ಅಡಗಿದ್ದಾರೆಂದು ಬಲ್ಲವರಾಗಿಯೂ, ರಾತ್ರಿ ಹತ್ತರವರೆಗೆ ಟ್ಯಾಂಕುಗಳಿಗಾಗಿ ಬಳಸುದಾರಿಯನ್ನು ನಿರ್ಮಿಸಿದರು. ಮರುದಿನ ಬೆಳಿಗ್ಗೆ ಆರಕ್ಕೆ ಮತ್ತೆ ಆರಂಭ. ಮಧ್ಯಾಹ್ನ ಮೂರರ ವೇಳೆಗೆ ದಾರಿ ಸಿದ್ಧ. ಆಮೇಲೆ ಸೇನೆಯ ಮುಂಚೂಣಿಯ ವಾಹನವನ್ನೇರಿ ಮುಂದೆ ನಡೆದರು. ಅರ್ಧ ಮೈಲಿಗೊಂದು ಅಡ್ಡಗಟ್ಟು. ಇಳಿದು ಸ್ಫೋಟಿಸಿ ತೆರವು. ಮತ್ತೆ ಮುನ್ನೂರು ಗಜಕ್ಕೆ ಇನ್ನೊಂದು. ಸಂಜೆ ಕತ್ತಲಾಗುವ ಹೊತ್ತಿಗೆ ಐದು ದೊಡ್ಡ ಮರಗಳು, ಸುತ್ತಲೂ ಸಿಡಿಗುಂಡುಗಳು, ಮೇಲಿನಿಂದ ಮೆಷಿನ್‌ಗನ್ನಿನ ಮಳೆ. ಸೇನೆ ಅಂದಿಗೆ ತಂಗಿತು. ಹತ್ತನೆಯ ತಾರೀಖು ನಸುಕಿನ ನಾಲ್ಕೂ ಮುಕ್ಕಾಲಿಗೆ ರಾಣೆ ಅದೇ ಮರಗಳ ಬಳಿ ಇದ್ದರು. ಆರೂವರೆಗೆ ದಾರಿ ತೆರೆಯಿತು. ಆ ದಿನ ಅನ್ನ ವಿಶ್ರಾಂತಿಗಳಿಲ್ಲದೆ ರಾತ್ರಿ ಒಂಬತ್ತರವರೆಗೆ ದುಡಿದರು. ಹನ್ನೊಂದರಂದು ಬೆಳಗಿನ ಹನ್ನೊಂದರ ವೇಳೆಗೆ ಚಿಂಗಸ್‌ವರೆಗಿನ ರಸ್ತೆ ತೆರವಾಗಿತ್ತು. ಆ ರಾತ್ರಿ ಹತ್ತರವರೆಗೂ ಅವರು ಮುಂದಿನ ದಾರಿಯನ್ನು ಬಿಡಿಸುತ್ತಲೇ ಇದ್ದರು. ಚಲಿಸುವ ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಚಾಲಕನಿಗೆ ಹಗ್ಗ ಎಳೆದು ನಿಲ್ಲು, ನಡೆ ಎಂದು ಸಂಜ್ಞೆ ಮಾಡುತ್ತ, ಸಿಡಿಗುಂಡುಗಳ ನಡುವೆ ಅವರು ಸಾಗಿದ ವೃತ್ತಾಂತ ಸೇನೆಯಲ್ಲಿ ಇಂದಿಗೂ ಪ್ರಸಿದ್ಧ. ಏಪ್ರಿಲ್ ೧೨ರಂದು ರಜೌರಿ ನಮ್ಮ ಕೈಸೇರಿತು.

ಈ ನಾಲ್ಕು ದಿನಗಳ ವಿವರವನ್ನು ನಾನು ಬೇಕೆಂದೇ ಗಂಟೆಗಳ ಸಮೇತ ಬರೆದಿದ್ದೇನೆ. ಒಂದು ಕ್ಷಣದ ಆವೇಶದಲ್ಲಿ ಪ್ರಾಣವನ್ನು ಪಣಕ್ಕಿಡುವುದು ಒಂದು ಬಗೆ. ಗಾಯಗೊಂಡ ದೇಹವನ್ನು ಹೊತ್ತು, ನಿದ್ರೆಯಿಂದೆದ್ದು, ನಿನ್ನೆ ಬಿಟ್ಟ ಅದೇ ಮೃತ್ಯುವಿನ ಬಾಯಿಗೆ ಮತ್ತೆ ಬೆಳಗಿನ ಜಾವದಲ್ಲಿ ನಡೆದು ಹೋಗುವುದು ಬೇರೆಯೇ ಬಗೆ. ನಮ್ಮ ಮಠದ ಪಾಠಶಾಲೆಯಲ್ಲಿ ಗುರುಗಳು ‘ಧೃತಿ’ ಎಂಬ ಶಬ್ದಕ್ಕೆ ಅರ್ಥ ಹೇಳುವಾಗ ಧೈರ್ಯಕ್ಕಿಂತ ಅದು ದೀರ್ಘವಾದುದು ಎನ್ನುತ್ತಿದ್ದರು. ರಾಣೆಯವರ ಚರಿತ್ರೆಯನ್ನು ಓದುವಾಗ ಆ ಮಾತಿನ ಅರ್ಥ ಸ್ಪಷ್ಟವಾಯಿತು.

ಪರಮವೀರ ಚಕ್ರವನ್ನು ಜೀವಂತವಾಗಿ ಪಡೆದವರಲ್ಲಿ ರಾಣೆಯವರೇ ಮೊದಲಿಗರು. ಮೇಜರ್ ಪದವಿಯವರೆಗೆ ಏರಿ ೧೯೬೮ರಲ್ಲಿ ನಿವೃತ್ತರಾಗಿ, ೧೯೯೪ರ ಜುಲೈ ೧೧ರಂದು ಪುಣೆಯಲ್ಲಿ ಕಾಲವಾದರು. ಭಾರತೀಯ ನೌಕಾ ಸಾರಿಗೆ ನಿಗಮವು ತನ್ನ ತೈಲನೌಕೆಗಳಿಗೆ ಪರಮವೀರರ ಹೆಸರಿಟ್ಟಾಗ ಒಂದಕ್ಕೆ ರಾಣೆಯವರ ಹೆಸರೂ ಬಂದಿತು. ೨೦೦೬ರಲ್ಲಿ ಕಾರವಾರದ ಕಡಲತೀರದಲ್ಲಿ, ‘ಚಪಲ್’ ಯುದ್ಧನೌಕೆಯ ಸಂಗ್ರಹಾಲಯದ ಬಳಿ ಅವರ ಪ್ರತಿಮೆಯ ಅನಾವರಣವಾಯಿತು. ೨೦೨೩ರ ಜನವರಿ ೨೩ರಂದು ಅಂಡಮಾನಿನ ೨೧ ದ್ವೀಪಗಳಿಗೆ ಪರಮವೀರರ ಹೆಸರಿಟ್ಟಾಗ ಅವುಗಳಲ್ಲೊಂದು ರಾಣೆ ದ್ವೀಪವಾಯಿತು. ಬೇಸಿಗೆಯ ರಜೆಯಲ್ಲಿ ಗೋಕರ್ಣ ಮುರ್ಡೇಶ್ವರಗಳಿಗೆ ಹೋಗುವ ಕುಟುಂಬಗಳು ಕಾರವಾರದವರೆಗೂ ಹೋಗಿ ಮಕ್ಕಳಿಗೆ ಆ ಪ್ರತಿಮೆಯನ್ನು ತೋರಿಸಿದರೆ ಪ್ರಯಾಣದ ಖರ್ಚು ವ್ಯರ್ಥವಾಗದು.

ಸನ್ಮಾನ ಸಕಾಲಕ್ಕೆ ಬರುವುದೆಂಬ ನಿಯಮವೇನಿಲ್ಲ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಕಥೆ ಇದಕ್ಕೆ ನಿದರ್ಶನ. ೧೯೬೫ರ ಸೆಪ್ಟೆಂಬರ್ ೭ರಂದು ಪಾಕಿಸ್ತಾನದ ಸರ್ಗೋಧಾ ವಿಮಾನ ನೆಲೆಯ ಮೇಲೆ ದಾಳಿಗೆ ಹೋದ ‘ಮಿಸ್ಟೇರ್’ ವಿಮಾನಗಳಲ್ಲಿ ಅವರದೊಂದು ಹಿಂದಿರುಗಲಿಲ್ಲ. ಕಾಣೆಯಾದರು ಎಂಬುದಷ್ಟೇ ದಾಖಲೆ. ವರ್ಷಗಳು ಉರುಳಿದವು. ೧೯೭೯ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಪಾಕಿಸ್ತಾನದ ವಾಯುಯುದ್ಧವನ್ನು ಕುರಿತು ಪ್ರಕಟಿಸಿದ ಗ್ರಂಥದಿಂದ ಸತ್ಯ ಹೊರಬಿದ್ದಿತು. ಅತ್ಯಂತ ವೇಗಶಾಲಿಯಾದ ‘ಸ್ಟಾರ್‌ಫೈಟರ್’ ವಿಮಾನವೊಂದು ದೇವಯ್ಯನವರ ವಿಮಾನಕ್ಕೆ ಹೊಡೆದಿತ್ತು. ಪೆಟ್ಟು ತಿಂದ, ವೇಗದಲ್ಲಿ ಬಹಳ ಕಡಿಮೆಯಾದ ತಮ್ಮ ವಿಮಾನವನ್ನು ತಿರುಗಿಸಿ ದೇವಯ್ಯನವರು ಎದುರಾಳಿಯೊಡನೆ ಕಾದಿ ಅದನ್ನು ಕೆಡವಿದ್ದರು. ಆ ಪೈಲಟ್ ಕೊಡೆಯ ನೆರವಿನಿಂದ ಉಳಿದುಕೊಂಡನು. ದೇವಯ್ಯನವರು ಅಲ್ಲಿಯೇ ಮಡಿದರು. ೧೯೮೮ರಲ್ಲಿ, ಅಂದರೆ ೨೩ ವರ್ಷಗಳ ನಂತರ, ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಿತವಾಗಿ ಅವರ ಪತ್ನಿಯ ಕೈಸೇರಿತು. ಸಾಕ್ಷಿ ನುಡಿದದ್ದು ಶತ್ರುಪಕ್ಷದ ಅನುಭವ! ಇಪ್ಪತ್ತಮೂರು ವರ್ಷ ‘ಕಾಣೆಯಾದವರ ಮನೆ’ ಎನಿಸಿಕೊಂಡು ಬಾಳಿದ ಆ ಕುಟುಂಬದ ತಾಳ್ಮೆಗೆ ಯಾವ ಪದಕವೂ ಇಲ್ಲ.

ರಣರಂಗದ ಒಂದು ಕೃತ್ಯಕ್ಕಲ್ಲದೆ ದೀರ್ಘಕಾಲದ ಉತ್ಕೃಷ್ಟ ಸೇವೆಗಾಗಿಯೂ ಪದಕಗಳಿವೆ. ೧೯೬೦ರಲ್ಲಿ ಸ್ಥಾಪಿತವಾದ ವಿಶಿಷ್ಟ ಸೇವಾ ಪದಕದ ಮೂರು ವರ್ಗಗಳು ೧೯೬೭ರಿಂದ ಪರಮ ವಿಶಿಷ್ಟ, ಅತಿ ವಿಶಿಷ್ಟ ಮತ್ತು ವಿಶಿಷ್ಟ ಸೇವಾ ಪದಕಗಳೆನಿಸಿವೆ. ಯುದ್ಧಕಾಲದ ಸೇವೆಗಾಗಿ ೧೯೮೦ರಲ್ಲಿ ಯುದ್ಧ ಸೇವಾ ಪದಕಗಳು ಸೇರಿದವು. ಭೂಸೇನೆ, ನೌಕಾಸೇನೆ, ವಾಯುಸೇನೆಗಳಿಗೆ ಪ್ರತ್ಯೇಕವಾದ ಸೇನಾ ಪದಕಗಳೂ ೧೯೬೦ರಿಂದಲೇ ಇವೆ. ಎಲ್ಲಕ್ಕಿಂತ ಮಿಗಿಲಾದ ಗೌರವ ಫೀಲ್ಡ್ ಮಾರ್ಷಲ್ ಪದವಿ. ಕೊಡಗಿನ ಶನಿವಾರಸಂತೆಯಲ್ಲಿ ಜನಿಸಿದ ಕೊಡಂದೇರ ಮಾದಪ್ಪ ಕಾರ್ಯಪ್ಪನವರು ೧೯೫೩ರಲ್ಲಿ ನಿವೃತ್ತರಾದರು. ಆ ಪದವಿ ಅವರಿಗೆ ದೊರೆತದ್ದು ೧೯೮೬ರಲ್ಲಿ.

ಈಗ ಕುಟುಂಬಗಳ ವಿಷಯ. ಪದಕದೊಡನೆ ಮಾಸಿಕ ಗೌರವಧನವೂ ಸಲ್ಲುತ್ತದೆ. ೨೦೧೭ರ ಆಗಸ್ಟಿನಿಂದ ಪರಮವೀರ ಚಕ್ರಕ್ಕೆ ಹತ್ತು ಸಾವಿರದಿಂದ ೨೦,೦೦೦ ರೂಪಾಯಿಗೆ, ಸೇನಾ ಪದಕಕ್ಕೆ ಒಂದು ಸಾವಿರದಿಂದ ೨,೦೦೦ ರೂಪಾಯಿಗೆ ಅದನ್ನು ಏರಿಸಲಾಯಿತು. ಪುರಸ್ಕೃತನ ಮರಣಾನಂತರ ಅದು ಪತ್ನಿಗೆ ಹೋಗುತ್ತದೆ. ಇಲ್ಲಿ ಒಂದು ವಿಚಿತ್ರ ನಿಯಮ ದೀರ್ಘಕಾಲ ಜಾರಿಯಲ್ಲಿತ್ತು. ಆ ವಿಧವೆ ಪುನರ್ವಿವಾಹವಾದರೆ ಗೌರವಧನ ನಿಲ್ಲುತ್ತಿತ್ತು. ಆದರೆ ಮೃತ ಪತಿಯ ಸಹೋದರನನ್ನೇ ಮದುವೆಯಾದರೆ ಮುಂದುವರಿಯುತ್ತಿತ್ತು! ಇಪ್ಪತ್ತೆರಡು ಇಪ್ಪತ್ಮೂರರ ಹರೆಯದಲ್ಲಿ ಪತಿಯನ್ನು ಕಳೆದುಕೊಂಡ ಹೆಣ್ಣುಮಗಳು ಯಾರ ಕೈಹಿಡಿಯಬೇಕೆಂಬುದನ್ನು ಕಚೇರಿಯ ಕಡತ ನಿರ್ಣಯಿಸುವುದು ಯಾವ ನ್ಯಾಯ? ಪತಿಯ ಶೌರ್ಯವು ಆಕೆಯ ಎರಡನೆಯ ವಿವಾಹದಿಂದ ಕಡಿಮೆಯಾಗುತ್ತದೆಯೇ? ೨೦೧೭ರ ನವೆಂಬರಿನಲ್ಲಿ ರಕ್ಷಣಾ ಸಚಿವಾಲಯವು ಈ ನಿರ್ಬಂಧವನ್ನು ತೆಗೆದುಹಾಕಿತು. ಈಗ ಯಾರನ್ನು ಮದುವೆಯಾದರೂ ಆ ಗೌರವಧನ ಆಕೆಗೆ ಜೀವಮಾನ ಪರ್ಯಂತ ಸಲ್ಲುತ್ತದೆ. ವಿಧವಾ ವಿವಾಹಕ್ಕೆ ಅಡ್ಡಿಮಾಡದ ಪರಂಪರೆ ನಮ್ಮದೆಂದು ಹೆಮ್ಮೆಪಡುವ ಮನೆಗಳಾದರ‍ೂ ಇದನ್ನು ಅರಿತು, ಅಂಥ ಹೆಣ್ಣುಮಕ್ಕಳು ನೆರೆಹೊರೆಯಲ್ಲಿದ್ದರೆ ತಿಳಿಸಬೇಕು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗಳಲ್ಲಿ ಇಂಥ ವಿಷಯಗಳಿಗೆ ಮಾರ್ಗದರ್ಶನ ದೊರೆಯುತ್ತದೆ.

೨೦೦೭ರ ಜುಲೈ ೩೧ರಂದು ಕಾಶ್ಮೀರದ ಉರಿ ವಲಯದಲ್ಲಿ ನುಸುಳುಕೋರರನ್ನು ತಡೆಯುತ್ತ ಮಡಿದ ಬೆಂಗಳೂರಿನ ಕರ್ನಲ್ ವಸಂತ ವೇಣುಗೋಪಾಲರಿಗೆ ಮರಣೋತ್ತರವಾಗಿ ಅಶೋಕ ಚಕ್ರ ಸಂದಿತು. ಅವರು ಮರಾಠಾ ಪದಾತಿದಳದ ಒಂಬತ್ತನೆಯ ಬೆಟಾಲಿಯನ್ನಿನ ಮುಖ್ಯಸ್ಥರು. ಹಿಂದೆ ನಿಂತು ಆಜ್ಞೆ ಕೊಡಬಹುದಾಗಿದ್ದವರು ಮುಂದೆ ನಿಂತು ಕಾದಿದರು. ಅವರ ಪತ್ನಿ ಸುಭಾಷಿಣಿಯವರು ವಸಂತರತ್ನ ಪ್ರತಿಷ್ಠಾನವನ್ನು ಸ್ಥಾಪಿಸಿ, ಮಡಿದ ಇತರ ಯೋಧರ ಪತ್ನಿಯರಿಗೂ ಮಕ್ಕಳಿಗೂ ನೆರವಾಗುವ ಕಾರ್ಯಕ್ಕೆ ತೊಡಗಿದರು. ನೆತ್ತರುಗೊಡಗೆಯನ್ನು ತಾವು ಸ್ವೀಕರಿಸಿ ಸುಮ್ಮನಿರದೆ ಅನ್ಯರ ಮನೆಗಳಿಗೂ ಹಂಚಿದರೆಂದರೆ ಉಚಿತವಾದೀತು.

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ವಾಚಕರು ಮರೆತಿರಲಾರರು. ೨೦೧೬ರ ಫೆಬ್ರುವರಿ ೩ರಂದು ಸಿಯಾಚಿನ್ ಹಿಮನದಿಯಲ್ಲಿ ಸುಮಾರು ೧೯,೬೦೦ ಅಡಿ ಎತ್ತರದ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹೂತುಹೋದರು. ಆರು ದಿನಗಳ ಅನಂತರ ಹಿಮವನ್ನು ಅಗೆದು ತೆಗೆದಾಗ ಹನುಮಂತಪ್ಪನವರಲ್ಲಿ ಇನ್ನೂ ಉಸಿರಿತ್ತು. ದೆಹಲಿಯ ಆಸ್ಪತ್ರೆಯಲ್ಲಿ ಅವರಿದ್ದಾಗ ನಮ್ಮ ಊರೂರುಗಳ ಗುಡಿ ಮಠ ಮಸೀದಿಗಳಲ್ಲಿ ಪ್ರಾರ್ಥನೆಗಳಾದವು. ಫೆಬ್ರುವರಿ ೧೧ರಂದು ಅವರು ಕೊನೆಯುಸಿರೆಳೆದರು. ಅಲ್ಲಿ ಶತ್ರುವಿನ ಗುಂಡಿರಲಿಲ್ಲ; ಕಾವಲು ಬಿಡದೆ ನಿಂತದ್ದೇ ಸಾಹಸ. ಮರಣೋತ್ತರವಾಗಿ ಅವರಿಗೆ ಸೇನಾ ಪದಕ ದೊರೆಯಿತು. ೨೦೧೭ರ ಜನವರಿ ೧೫ರಂದು ದೆಹಲಿಯಲ್ಲಿ ಸೇನಾ ಮುಖ್ಯಸ್ಥರ ಹಸ್ತದಿಂದ ಅವರ ಪತ್ನಿ ಅದನ್ನು ಸ್ವೀಕರಿಸಿದರು. ಜನವರಿ ೧೫ ಸೇನಾ ದಿನ. ೧೯೪೯ರಲ್ಲಿ ಅದೇ ದಿನ ಕಾರ್ಯಪ್ಪನವರು ಭಾರತೀಯ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡಿದ್ದರು.